ಚರ್ಮದ ಸೀಟು: 600 ಕಿಲೋಮೀಟರ್ ಕೂತು ನೋಡಿದ ಮೇಲೆ

ಜನವರಿಯಲ್ಲಿ ಮದ್ದೂರಿನ ಹೋಟೆಲೊಂದರಲ್ಲಿ ನಾನು ವಡೆಯನ್ನು ನಿಂತುಕೊಂಡೇ ತಿಂದೆ. ಕುರ್ಚಿ ಇರಲಿಲ್ಲ ಅಂತಲ್ಲ. ಫ್ಯಾನಿನ ಕೆಳಗೇ ಖಾಲಿ ಕುರ್ಚಿ ಇತ್ತು. ಸಪ್ಲೈಯರ್ ಹುಡುಗ ಎರಡು ಸಲ "ಕೂತ್ಕೊಳ್ಳಿ ಮೇಡಂ" ಅಂದ. ನನಗೆ ಕೂರೋಕೆ ಆಗುತ್ತಿರಲಿಲ್ಲ, ಅಷ್ಟೇ. ಅದು ಬೆಂಗಳೂರು-ಮೈಸೂರು-ಬೆಂಗಳೂರು 300 ಕಿಲೋಮೀಟರ್ ಬ್ರೆವೆ. ಅಲ್ಲಿಗೆ 220 ಮುಗಿದಿತ್ತು, ಇನ್ನೂ 80 ಬಾಕಿ. ಎಕ್ಸ್‌ಪ್ರೆಸ್‌ವೇ ಮೇಲೆ ಸೈಕಲ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಆ ರಸ್ತೆಯ ಒಂದೊಂದು ಹಂಪ್ ಬಂದಾಗಲೂ ನಾನು ಯಾವ್ಯಾವ ದೇವರನ್ನು ಕರೆದೆ ಅಂತ ಇಲ್ಲಿ ಬರೆಯುವುದು ಬೇಡ.

ಕಾಲು ಚೆನ್ನಾಗಿತ್ತು. ಉಸಿರು ಚೆನ್ನಾಗಿತ್ತು. ಕೈಕೊಟ್ಟದ್ದು ಸೀಟು.

ಬ್ರೆವೆ ಗೊತ್ತಿಲ್ಲದವರಿಗೆ ಎರಡು ಮಾತು. ಇದು ದೂರದ ಸೈಕಲ್ ಸವಾರಿ, ರೇಸ್ ಅಲ್ಲ. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮರ್ಯಾದೆ. ಗೊತ್ತು ಮಾಡಿದ ದೂರವನ್ನು ಗೊತ್ತು ಮಾಡಿದ ಸಮಯದೊಳಗೆ ಮುಗಿಸಬೇಕು. 200ಕ್ಕೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ದಾರಿಯಲ್ಲಿ ಕಂಟ್ರೋಲ್ ಅಂತ ಜಾಗಗಳಿರುತ್ತವೆ. ಅಲ್ಲಿ ಕಾರ್ಡಿಗೆ ಮುದ್ರೆ ಹಾಕಿಸಬೇಕು, ಇಲ್ಲವೇ ಎಟಿಎಂ ಚೀಟಿಯೋ ಹೋಟೆಲ್ ಬಿಲ್ಲೋ ತೋರಿಸಬೇಕು. ನಿಯಮವೆಲ್ಲ ಪ್ಯಾರಿಸ್ಸಿನ ಒಂದು ಹಳೇ ಕ್ಲಬ್ಬಿನದು. 1904ರಲ್ಲಿ ಶುರುವಾದ ಔಡಾಕ್ಸ್ ಕ್ಲಬ್ ಪ್ಯಾರಿಸಿಯಾನ್. ಒಂದೇ ಸೀಸನ್ನಿನಲ್ಲಿ ಈ ನಾಲ್ಕೂ ದೂರ ಮುಗಿಸಿದರೆ ಸೂಪರ್ ರಾಂಡೊನ್ಯೂರ್ ಅನ್ನುತ್ತಾರೆ. ಸೀಸನ್ ಅಂದರೆ ನವೆಂಬರಿನಿಂದ ಅಕ್ಟೋಬರ್. ನನಗೆ ಆ ಹೆಸರಿನ ಹುಚ್ಚು ಹತ್ತಿತ್ತು. ವಯಸ್ಸು 43, ತುಮಕೂರಿನ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಹುಚ್ಚಿಗೆ ವಯಸ್ಸೇನು ಅಡ್ಡ ಬರುವುದಿಲ್ಲ ನೋಡಿ.

ಕಾಲು ನೋವು, ಗೇರು, ಟೈರು ಅಂತ ಗಂಟೆಗಟ್ಟಲೆ ಮಾತಾಡುವ ಜನ ಕೂರುವ ಜಾಗದ ವಿಷಯ ಬಂದರೆ ಮೆಲ್ಲಗೆ ಜಾರಿಕೊಳ್ಳುತ್ತಾರೆ. ಹೆಂಗಸರಂತೂ ಬಾಯೇ ಬಿಡುವುದಿಲ್ಲ. ಬಿಬ್ ಶಾರ್ಟ್ಸ್ (ಪ್ಯಾಡ್ ಇರುವ, ಸೈಕಲ್ ಸವಾರರ ಬಿಗಿ ಶಾರ್ಟ್ಸ್) ಒಳಗೆ ಚಡ್ಡಿ ಹಾಕಬಾರದು ಅಂತ ನನಗೆ ಗೊತ್ತಾದದ್ದು ಮೊದಲ 200 ಮುಗಿದು, ತೊಡೆಸಂದಿ ಸುಲಿದು ಹೋದ ಮೇಲೆ. ಮೊದಲೇ ಯಾರಾದರೂ ಹೇಳಿದ್ದರೆ ನಾಲ್ಕು ದಿನ ಕ್ಲಾಸಿನಲ್ಲಿ ಬಾತುಕೋಳಿ ಥರ ನಡೆಯುವುದು ತಪ್ಪುತ್ತಿತ್ತು. ಅದಕ್ಕೇ ನಾನು ಬಿಚ್ಚಿ ಬರೆಯುತ್ತಿದ್ದೇನೆ.

ಸೈಕಲ್ ಜೊತೆ ಬಂದ ಸೀಟು ಫೋಮಿನದು. 200ಕ್ಕೆ ಸುಮಾರಾಗಿ ನಡೆಯಿತು. 300ಕ್ಕೆ ಮುಂಚೆ ಬುದ್ಧಿವಂತಿಕೆ ಮಾಡಲು ಹೋಗಿ ಅದರ ಮೇಲೊಂದು ಜೆಲ್ ಕವರ್ ಹಾಕಿದೆ. ಕೈಯಲ್ಲಿ ಒತ್ತಿದರೆ ಎಷ್ಟು ಮೆತ್ತಗಿತ್ತು ಅಂತೀರಾ! ಒತ್ತಡ ಅಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಅಂತ ಮಕ್ಕಳಿಗೆ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನು. ವಿಸ್ತೀರ್ಣ ಹೆಚ್ಚಾದರೆ ಒತ್ತಡ ಕಡಿಮೆ, ಸರಿ ತಾನೇ? ಲೆಕ್ಕ ಸರಿ. ಆದರೆ ಯಾವ ಜಾಗದ ವಿಸ್ತೀರ್ಣ ಅಂತ ನಾನು ಕೇಳಿಕೊಳ್ಳಲಿಲ್ಲ. ಕೂತಾಗ ನಮ್ಮ ಭಾರ ಹೊರಬೇಕಾದ್ದು ಕುಂಡಿಯ ಎರಡು ಮೂಳೆಗಳು. ಮೆತ್ತನೆ ಸೀಟಿನಲ್ಲಿ ಅವೆರಡೂ ಒಳಗೆ ಹೂತುಹೋಗುತ್ತವೆ. ಆಗ ಮಧ್ಯದ ಭಾಗ ಉಬ್ಬಿ ಮೇಲೆ ಬರುತ್ತದೆ. ಮೂಳೆ ಇಲ್ಲದ, ಬರೀ ನರ, ರಕ್ತನಾಳ ಇರುವ ಜಾಗಕ್ಕೆ ಭಾರ ಬೀಳುತ್ತದೆ. ಮೊದಲು ಜೋಮು, ಆಮೇಲೆ ಉರಿ, ಆಮೇಲೆ ಮದ್ದೂರು.

ಹಾಗಾಗಿ ಫೆಬ್ರವರಿಯಲ್ಲಿ ಚರ್ಮದ ಸೀಟು ತಂದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಈ ಥರದ ಸೀಟು ಮಾಡುವವರು ಮೂರ್ನಾಲ್ಕು ಜನ ಇದ್ದಾರೆ, ಎಲ್ಲರ ಗುಣದೋಷವೂ ಹೆಚ್ಚುಕಡಿಮೆ ಒಂದೇ. ಬೆಂಗಳೂರಿನ ಅಂಗಡಿಯಲ್ಲಿ ನನಗೆ ಒಂಬತ್ತು ಸಾವಿರದ ಹತ್ತಿರ ಬಿತ್ತು. ನಮ್ಮನೆಯವರು ಬೆಲೆ ಕೇಳಿ, "ಇಷ್ಟಕ್ಕೆ ಸೋಫಾದ ಒಂದು ಸೀಟು ಬರ್ತಿತ್ತು" ಅಂದರು.

ಇದರಲ್ಲಿ ಫೋಮೂ ಇಲ್ಲ, ಜೆಲ್ಲೂ ಇಲ್ಲ. ಕೆಳಗೆ ಕಬ್ಬಿಣದ ಚೌಕಟ್ಟು. ಅದರ ಹಿಂದಿನ ತುದಿಯಿಂದ ಮುಂದಿನ ಮೂತಿಯವರೆಗೆ ಒಂದೇ ಒಂದು ದಪ್ಪ ಚರ್ಮವನ್ನು ಎಳೆದು ರಿವೆಟ್ ಹೊಡೆದಿದ್ದಾರೆ. ಹಗ್ಗದ ಮಂಚದ ಥರ. ನಮ್ಮ ಭಾರ ಬಿದ್ದ ಹಾಗೆ ಚರ್ಮ ಸ್ವಲ್ಪ ಸ್ವಲ್ಪವೇ ಬಗ್ಗುತ್ತದೆ. ಎರಡು ಮೂಳೆ ಕೂರುವ ಕಡೆ ಎರಡು ತಗ್ಗು ಬೀಳುತ್ತವೆ. ಹೆಂಗಸರಿಗೆ ಅಂತ ಬರುವ ಮಾದರಿ ಸ್ವಲ್ಪ ಅಗಲ, ಮೂತಿ ಮೊಂಡು. ನಾನು ತಂದದ್ದು ಅದು. ತೂಕ ಅರ್ಧ ಕೇಜಿಗಿಂತ ಜಾಸ್ತಿ. ಗ್ರಾಂ ಲೆಕ್ಕ ಹಾಕಿ ಸೈಕಲ್ ಕಟ್ಟುವವರು ಇಲ್ಲಿಗೆ ಓದುವುದು ನಿಲ್ಲಿಸಬಹುದು.

ಹೊಸದರಲ್ಲಿ ಅದು ಸೀಟಲ್ಲ, ಮರದ ಹಲಗೆ. ಬೆಳಗ್ಗೆ ಐದಕ್ಕೆ ಎದ್ದು ದೇವರಾಯನದುರ್ಗಕ್ಕೆ ಹೋಗಿ ಬರುತ್ತಿದ್ದೆ. ಕಾಲೇಜಿಗೂ ಅದೇ ಸೈಕಲ್. ಮೊದಲ ಎರಡು ವಾರ, ಒಂಬತ್ತು ಸಾವಿರ ನೀರಿಗೆ ಹಾಕಿದೆ ಅಂತಲೇ ಅನಿಸಿತ್ತು. ಸುಮಾರು 500 ಕಿಲೋಮೀಟರ್ ಆದ ಮೇಲೆ ಒಂದು ದಿನ ಏನೋ ಬದಲಾಗಿದೆ ಅನಿಸಿತು. ಏನು ಅಂತ ಯೋಚಿಸಿದರೆ, ಸೀಟಿನ ನೆನಪೇ ಬಂದಿರಲಿಲ್ಲ. ಬೆಳಕಿಗೆ ಓರೆ ಹಿಡಿದು ನೋಡಿದೆ. ಎರಡು ತಗ್ಗು ಕಾಣಿಸಿತು. ಬಲಗಡೆಯದು ಸ್ವಲ್ಪ ಆಳ. ನಾನು ವಾಲಿಕೊಂಡು ಕೂರುತ್ತೇನೆ ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಕೂರಿಸುವ ರೀತಿಯೂ ಬೇರೆ. ಫೋಮ್ ಸೀಟನ್ನು ಸಮತಟ್ಟಾಗಿ ಇಡುತ್ತೇವೆ. ಇದು ಮಧ್ಯದಲ್ಲಿ ಜೋಲುವುದರಿಂದ ಮೂತಿಯನ್ನು ಒಂದು ಚೂರು ಮೇಲೆತ್ತಬೇಕು. ನಾನು ಹೆದರಿ ಮೂತಿ ತಗ್ಗಿಸಿ ಇಟ್ಟಿದ್ದೆ. ಆಗ ಮೈ ಮುಂದಕ್ಕೆ ಜಾರುತ್ತದೆ, ಭಾರವೆಲ್ಲ ಅಂಗೈಗೆ ಬೀಳುತ್ತದೆ. ಕಿರುಬೆರಳು ಎರಡು ದಿನ ಜೋಮು ಹಿಡಿದಿತ್ತು. ಸೀಟಿನ ತಪ್ಪಿಗೆ ಕೈಗೆ ಶಿಕ್ಷೆ.

ಈಗ ಬೈಯುವ ಭಾಗಕ್ಕೆ ಬರುತ್ತೇನೆ.

ಜುಲೈಯಲ್ಲಿ 400. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ ದಾಟಿ ಆಲೂರಿನ ಹತ್ತಿರ ತಿರುಗಿ ವಾಪಸ್. ಮುಂಗಾರಿನಲ್ಲಿ ಆ ಕಡೆ ಹೋಗುವವಳು ಸೀಟಿಗೆ ಕವರ್ ಇಟ್ಟುಕೊಳ್ಳಬೇಡವೇ? ಮರೆತೆ. ಚನ್ನರಾಯಪಟ್ಟಣದಲ್ಲಿ ಸೋನೆ ಶುರುವಾಯಿತು. ಅಂಗಡಿಯೊಂದರಲ್ಲಿ ಬೇಡಿ ಪ್ಲಾಸ್ಟಿಕ್ ಕವರ್ ತಗೊಂಡು ಕಟ್ಟಿದೆ. ಮೇಲಿಂದ ಬೀಳುವ ಮಳೆಗೆ ಅದು ಸಾಕು. ನನಗೆ ಹೊಳೆಯದೇ ಇದ್ದದ್ದು ಕೆಳಗಿನದು. ಮಡ್‌ಗಾರ್ಡ್ ಇಲ್ಲದ ಸೈಕಲ್. ಹಿಂದಿನ ಚಕ್ರ ರಸ್ತೆಯ ನೀರನ್ನೆಲ್ಲ ಎತ್ತಿ ಸೀಟಿನ ಹೊಟ್ಟೆಗೆ ಎರಚುತ್ತಿತ್ತು. ಮೇಲೆ ಪ್ಲಾಸ್ಟಿಕ್ ಇದ್ದದ್ದರಿಂದ ಆ ನೀರು ಆರುವ ಹಾಗೂ ಇಲ್ಲ. ಹಾಸನ ಬರುವ ಹೊತ್ತಿಗೆ ಚರ್ಮ ನೆನೆದ ಹಪ್ಪಳ. ಜೋಲು ಬಿದ್ದಿತು, ಎರಡು ಪಕ್ಕೆಯೂ ಹೊರಗೆ ಚಾಚಿಕೊಂಡು ಪ್ರತಿ ತುಳಿತಕ್ಕೂ ತೊಡೆಗೆ ಉಜ್ಜತೊಡಗಿತು. ಮುಂದಿನ ಇನ್ನೂರು ಚಿಲ್ಲರೆ ಕಿಲೋಮೀಟರ್ ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು ತುಳಿದೆ. 25 ಗಂಟೆ 40 ನಿಮಿಷಕ್ಕೆ ಮುಗಿಯಿತು.

ಮೂತಿಯ ಕೆಳಗೆ ಒಂದು ಬೋಲ್ಟ್ ಇದೆ. ತಿರುಗಿಸಿದರೆ ಚರ್ಮ ಬಿಗಿಯಾಗುತ್ತದೆ. ಅದಕ್ಕೊಂದು ಚಪ್ಪಟೆ ಸ್ಪ್ಯಾನರ್ ಬೇಕು. ಅಂಗಡಿಯವರು ಡಬ್ಬಿಯಲ್ಲಿ ಇದೆ ಅಂದಿದ್ದರು, ಇರಲಿಲ್ಲ. ಫೋನ್ ಮಾಡಿದರೆ "ಕಳಿಸ್ತೀವಿ ಮೇಡಂ". ಇವತ್ತಿಗೂ ಕಳಿಸಿಲ್ಲ. ಕೊನೆಗೆ ಬೇರೆ ಕಡೆ ಕೊಂಡೆ.

ಮರುದಿನ ಇನ್ನೊಂದು ತಪ್ಪು ಮಾಡಿದೆ. ಬೇಗ ಒಣಗಲಿ ಅಂತ ಸೀಟು ಬಿಚ್ಚಿ ತಾರಸಿಯ ಬಿಸಿಲಿಗೆ ಇಟ್ಟೆ. ಸಂಜೆ ನೋಡಿದರೆ ಗಟ್ಟಿಯಾಗಿ ಸೆಟೆದುಕೊಂಡು, ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿದ್ದಾರೆ. ಅವರ ಹತ್ತಿರ ಒಯ್ದೆ. ಅವರು ಸೀಟನ್ನು ಮಗುಚಿ, ಬೆರಳಿನಿಂದ ತಟ್ಟಿ, ಮೂಸಿಯೂ ನೋಡಿದರು. "ಒಳ್ಳೇ ತೊಗಲು ಮೇಡಂ. ಬಿಸಿಲಿಗೆ ಯಾಕಿಟ್ರಿ? ಬಾಣಂತಿ ಥರ ನೋಡ್ಕೋಬೇಕು ಇದನ್ನ" ಅಂದರು. ಆಮೇಲೆ ಪಕ್ಕೆ ಎರಡರಲ್ಲೂ ಐದೈದು ತೂತು ಹೊಡೆದರು. ಮೇಣ ಹಾಕಿದ ದಾರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ, ಸೀಟಿನ ಹೊಟ್ಟೆಯ ಕೆಳಗೆ, ಶೂ ಲೇಸಿನ ಥರ ಎಳೆದು ಕಟ್ಟಿದರು. ಎಳೆಯುವಾಗ ಎರಡೂ ಹೆಬ್ಬೆರಳನ್ನು ತಗ್ಗುಗಳಲ್ಲಿ ಊರಿಕೊಂಡು, ಅವು ಹಾಳಾಗದ ಹಾಗೆ ನೋಡಿಕೊಂಡರು. ಹೊರಗೆ ಚಾಚಿದ್ದ ಪಕ್ಕೆ ಒಳಗೆ ಬಂತು. ಹಳೇ ಸೈಕಲ್ ಸವಾರರು ಇದನ್ನು ಮಾಡುತ್ತಾರೆ ಅಂತ ನನಗೆ ಆಮೇಲೆ ಗೊತ್ತಾಯಿತು. ಈ ಹಿರಿಯರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅರವತ್ತು ರೂಪಾಯಿ ಕೇಳಿದರು. ನೂರು ಕೊಟ್ಟೆ, ನಲವತ್ತು ವಾಪಸ್ ಕೊಟ್ಟರು.

ಆಮೇಲೆ ನೆರಳಲ್ಲಿ ಇಟ್ಟು ಮೇಲೆ ಕೆಳಗೆ ಮೇಣ ತಿಕ್ಕಿದೆ. ಎಣ್ಣೆಯಲ್ಲಿ ನೆನೆಸಿಡಿ ಅಂತ ಕೆಲವರು ಹೇಳುತ್ತಾರೆ, ಬೇಡ. ಮೆತ್ತಗಾಗಿ ಮತ್ತೆ ಜೋಲುತ್ತದೆ. ಬೋಲ್ಟನ್ನು ಕಾಲು ಸುತ್ತು ಬಿಗಿ ಮಾಡಿದೆ, ಅಷ್ಟೇ. ಜೊತೆಗೆ ಹಿಂದಕ್ಕೊಂದು ಮಡ್‌ಗಾರ್ಡ್.

ಸೆಪ್ಟೆಂಬರಿನಲ್ಲಿ 600. ಬೆಂಗಳೂರಿನಿಂದ ರಾಣೆಬೆನ್ನೂರು, ಅಲ್ಲಿಂದ ವಾಪಸ್. ಶನಿವಾರ ಬೆಳಗ್ಗೆ 5ಕ್ಕೆ ಹೊರಟೆವು. 70ನೇ ಕಿಲೋಮೀಟರಿಗೆ ನಮ್ಮೂರು ತುಮಕೂರು. ಬೈಪಾಸಿನಲ್ಲಿ ಅತ್ತೆ ಚಿತ್ರಾನ್ನದ ಡಬ್ಬಿ ಹಿಡಿದು ನಿಂತಿದ್ದರು. ಕಂಟ್ರೋಲ್ ಬಿಟ್ಟು ಬೇರೆ ಕಡೆ ಮನೆಯವರಿಂದ ಏನೂ ತಗೊಳ್ಳುವ ಹಾಗಿಲ್ಲ, ಅದು ನಿಯಮ. ಅಂಗಡಿಯಲ್ಲಿ ಕೊಂಡು ತಿನ್ನಬಹುದು, ಅತ್ತೆ ಕೊಟ್ಟದ್ದು ತಿನ್ನಬಾರದು! "ಬೇಡ ಅತ್ತೆ, ರೂಲ್ಸ್" ಅಂತ ಕೂಗಿ ಮುಂದೆ ಹೋದೆ. ಅದರ ವಿಚಾರಣೆ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಶಿರಾ, ಹಿರಿಯೂರು ಸಲೀಸಾಗಿ ಹೋಯಿತು. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಕಂಡಾಗಲೇ ಎದೆ ಧಸಕ್ ಅಂತು. ಅವೆಲ್ಲ ಜೋರಾಗಿ ತಿರುಗುತ್ತಿದ್ದವು. ಮಳೆಗಾಲದ ಪಡುವಣ ಗಾಳಿ, ನಾವು ಹೋಗುವುದು ಅದರ ಎದುರಿಗೆ. ಮೈ ಬಗ್ಗಿಸಿ, ಹ್ಯಾಂಡಲಿನ ಕೆಳಭಾಗ ಹಿಡಿದು ತುಳಿಯಬೇಕು. ಹಾಗೆ ಬಗ್ಗಿದಾಗ ಸೊಂಟ ಮುಂದಕ್ಕೆ ಹೊರಳಿ ಮತ್ತದೇ ಮಧ್ಯದ ಜಾಗಕ್ಕೆ ಭಾರ. ಇಲ್ಲಿ ಚರ್ಮದ ಸೀಟು ನನ್ನನ್ನು ಪೂರ್ತಿ ಕಾಪಾಡಲಿಲ್ಲ. ದಾವಣಗೆರೆಯವರೆಗಿನ 60 ಕಿಲೋಮೀಟರಿನಲ್ಲಿ ಎರಡು ಸಲ ಜೋಮು ಬಂತು, ಇಳಿದು ನಡೆದೆ. ಗಾಳಿಗೆ ತುಂಬಾ ಬಗ್ಗಿ ಓಡಿಸುವವರಿಗೆ ನಡುವೆ ಸೀಳು ಇರುವ ಸೀಟೇ ವಾಸಿ ಅನಿಸುತ್ತದೆ.

ರಾತ್ರಿ 8:30ಕ್ಕೆ ದಾವಣಗೆರೆ. ಬೆಣ್ಣೆ ದೋಸೆ ಬಂತು, ಪಕ್ಕದಲ್ಲಿ ಆಲೂ ಪಲ್ಯ, ಬಿಳಿ ಚಟ್ನಿ. ಎರಡನೇ ದೋಸೆ ಅರ್ಧ ಮುಗಿದ ಮೇಲೆ ಗಮನಕ್ಕೆ ಬಂತು. ನಾನು ಕುರ್ಚಿಯಲ್ಲಿ ಕೂತಿದ್ದೆ. 260 ಕಿಲೋಮೀಟರ್ ಆದ ಮೇಲೆ, ಕಬ್ಬಿಣದ ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು.

ರಾಣೆಬೆನ್ನೂರು 11:20. ಕಂಟ್ರೋಲ್ ಮುಚ್ಚುವುದು 1ಕ್ಕೆ. ಲಾಡ್ಜಿನಲ್ಲಿ ಎರಡೂವರೆ ಗಂಟೆ ನಿದ್ದೆ, ಮತ್ತೆ ರಿಫ್ಲೆಕ್ಟರ್ ಜಾಕೆಟ್, ದೀಪ, ರಸ್ತೆ. ವಾಪಸಾತಿಯಲ್ಲಿ ಗಾಳಿ ಬೆನ್ನಿಗಿತ್ತು, ಹೇಳುವಂಥದ್ದೇನಿಲ್ಲ. ಭಾನುವಾರ ರಾತ್ರಿ 8:10ಕ್ಕೆ ಮುಗಿಸಿದೆ. 39 ಗಂಟೆ 10 ನಿಮಿಷ. ಕೂರುವ ಜಾಗದಲ್ಲಿ ಎರಡು ಚಿಕ್ಕ ಕೆಂಪು ಕಲೆ ಬಿಟ್ಟರೆ ಬೇರೇನಿಲ್ಲ. ಸೋಮವಾರ ಕ್ಲಾಸಿಗೆ ಹೋದೆ, ಬಾತುಕೋಳಿ ನಡಿಗೆ ಇಲ್ಲದೆ.

ತಗೋಬಹುದಾ ಅಂತ ಕೇಳಿದರೆ, 200ರ ಮಟ್ಟಿಗೆ ಓಡಿಸುವವರಿಗೆ ಬೇಡ. ಸರಿಯಾದ ಅಗಲದ ಫೋಮ್ ಸೀಟು ಸಾಕು. ಅಗಲ ನೋಡುವುದು ಸುಲಭ. ರಟ್ಟಿನ ಡಬ್ಬಿಯ ತುಂಡಿನ ಮೇಲೆ ಗಟ್ಟಿಯಾಗಿ ಕೂತು ಎದ್ದರೆ ಎರಡು ಗುಂಡಿ ಬೀಳುತ್ತವೆ. ಅವುಗಳ ನಡುವಿನ ಅಂತರಕ್ಕೆ ಎರಡು ಸೆಂಟಿಮೀಟರ್ ಸೇರಿಸಿ ನೋಡಿ. ಮಲೆನಾಡು, ಕರಾವಳಿಯವರು ಎರಡು ಸಲ ಯೋಚಿಸಿ. ಮೇಣ ತಿಕ್ಕುವುದು, ಕವರ್ ಹಾಕುವುದು ಬೇಜಾರು ಅನ್ನುವವರಿಗೂ ಬೇಡ. 400ರ ಮೇಲೆ ಹೋಗುವವರು, ಎರಡು ತಿಂಗಳು ಕಾಯುವ ತಾಳ್ಮೆ ಇದ್ದರೆ ತಗೊಳ್ಳಿ. ಬ್ರೆವೆಗೆ ಎರಡು ವಾರ ಇರುವಾಗ ತಂದು ಹಾಕಬೇಡಿ, ದೇವರಾಣೆ.

ಇನ್ನೊಬ್ಬರ ಹಳೇ ಸೀಟು ಅಗ್ಗಕ್ಕೆ ಸಿಕ್ಕಿತು ಅಂತಲೂ ತಗೋಬೇಡಿ. ಮೊನ್ನೆ ನನ್ನ ಅಣ್ಣನ ಮಗ ನನ್ನ ಸೈಕಲ್ ಏರಿ ಬೀದಿ ಕೊನೆಯವರೆಗೆ ಹೋಗಿ ಬಂದ. "ಅತ್ತೆ, ಇದರಲ್ಲಿ ಯಾರೋ ಆಗಲೇ ಕೂತಿದ್ದಾರೆ" ಅಂತ ಇಳಿದ.

ಡಬ್ಬಿ ತೆಗೆದು ಸ್ಪ್ಯಾನರ್ ಇದೆಯಾ ನೋಡಿಯೇ ದುಡ್ಡು ಕೊಡಿ.