ಜಿಸಿಸಿಯ ಶೂನ್ಯ ತುಂಬುವ ಆಯ್ಕೆ: ಒಂದು ವಿಮರ್ಶೆ

ಸಿ ಭಾಷೆಯ ಫಂಕ್ಷನ್ನಿನಲ್ಲಿ ಘೋಷಿಸಿ ಆರಂಭಿಕ ಮೌಲ್ಯ ಕೊಡದೆ ಬಿಟ್ಟ ವೇರಿಯಬಲ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಸ್ಟ್ಯಾಕ್‌ನ (ಫಂಕ್ಷನ್ನುಗಳ ತಾತ್ಕಾಲಿಕ ಮೆಮೊರಿ) ಆ ಜಾಗವನ್ನು ಹಿಂದೆ ಬಳಸಿದವರು ಬಿಟ್ಟುಹೋದ ಕಸ. ಇದನ್ನು ತಡೆಯಲೆಂದು ಜಿಸಿಸಿ ಎಂಬ ಕಂಪೈಲರ್‌ನ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಪ್ರೋಗ್ರಾಮ್) 2022ರ 12ನೇ ಆವೃತ್ತಿಯಲ್ಲಿ, ಇಂಥ ವೇರಿಯಬಲ್‌ಗೆ ತಾನೇ ಮೌಲ್ಯ ತುಂಬುವ 'ಎಫ್-ಟ್ರಿವಿಯಲ್-ಆಟೋ-ವಾರ್-ಇನಿಟ್' ಎಂಬ ಆಯ್ಕೆ ಬಂತು. ಇನ್ನೊಂದು ಕಂಪೈಲರ್ ಕ್ಲ್ಯಾಂಗ್‌ನಲ್ಲಿ ಇದು ಮೊದಲೇ ಇತ್ತು. ಕಂಪೈಲರ್ ಬೆಂಬಲಿಸಿದರೆ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಈಗ ತಾನಾಗಿಯೇ ಇದರ ಶೂನ್ಯ ತುಂಬುವ 'ಝೀರೋ' ರೂಪವನ್ನು ಆರಿಸಿಕೊಳ್ಳುತ್ತದೆ.

ಇದರಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು, ಶೂನ್ಯ ತುಂಬಿದ ಮೇಲೂ 'ಡಬ್ಲ್ಯೂ-ಅನ್‌ಇನಿಷಿಯಲೈಸ್ಡ್' ಎಚ್ಚರಿಕೆಗಳು ಸುಮ್ಮನಾಗದಿರುವುದು. ಭಾಷೆಯ ದೃಷ್ಟಿಯಲ್ಲಿ ಆ ವೇರಿಯಬಲ್ ಇನ್ನೂ ಆರಂಭಿಸದ್ದೇ ಎಂಬ ನಿಲುವನ್ನು ಜಿಸಿಸಿ ಬಿಟ್ಟುಕೊಟ್ಟಿಲ್ಲ. ಸ್ಟ್ರಕ್ಟ್‌ನ (ಹಲವು ವೇರಿಯಬಲ್‌ಗಳ ಕಟ್ಟು) ಸದಸ್ಯರ ನಡುವೆ ಕಂಪೈಲರ್ ಖಾಲಿ ಬಿಡುವ ಪ್ಯಾಡಿಂಗ್ ಬೈಟ್‌ಗಳಿಗೂ ಅದು ಶೂನ್ಯ ತುಂಬುತ್ತದೆ. ಕರ್ನಲ್‌ನಿಂದ ಬಳಕೆದಾರರ ಪ್ರೋಗ್ರಾಮ್‌ಗೆ ಹಳೆಯ ದತ್ತಾಂಶ ಇಂಥ ಸಂದುಗಳಿಂದಲೂ ಸೋರುವುದುಂಟಾದ್ದರಿಂದ ಇದು ಸಣ್ಣ ಸಂಗತಿಯಲ್ಲ.

ಆದರೆ ಶೂನ್ಯವೆಂದರೆ ಸುರಕ್ಷಿತವೆಂದೇನಲ್ಲ. ಕರ್ನಲ್ ಕೋಡ್‌ನಲ್ಲಿ ಸೊನ್ನೆಯೆಂದರೆ 'ಕೆಲಸ ಯಶಸ್ವಿ', ಬಳಕೆದಾರರ ಸಂಖ್ಯೆ ಸೊನ್ನೆಯೆಂದರೆ ಸಾಕ್ಷಾತ್ ರೂಟ್, ಅಂದರೆ ಎಲ್ಲ ಅಧಿಕಾರವುಳ್ಳ ಬಳಕೆದಾರ. ಅನುಮತಿ ಪರೀಕ್ಷಿಸುವ ಫಂಕ್ಷನ್ನಿನಲ್ಲಿ ಫಲಿತಾಂಶ ತುಂಬಲು ಮರೆತರೆ ಈ ಆಯ್ಕೆ ಬಾಗಿಲು ತೆರೆದೇ ಕೊಡುತ್ತದೆ. ಹಾಗಾಗಿ ಪರೀಕ್ಷೆಗೆಂದು ಕಂಪೈಲ್ ಮಾಡುವಾಗ 'ಪ್ಯಾಟರ್ನ್' ರೂಪವೇ ಲೇಸು. ಅದು ಪ್ರತಿ ಬೈಟ್‌ಗೂ ಹದಿನಾರರ ಪದ್ಧತಿಯ ಎಫ್‌ಇ ತುಂಬುವುದರಿಂದ 32 ಬಿಟ್ ಪೂರ್ಣಾಂಕವೊಂದು -16843010 ಆಗಿ ಕಣ್ಣಿಗೆ ರಾಚುತ್ತದೆ, 64 ಬಿಟ್ ಇಂಟೆಲ್ ಯಂತ್ರದಲ್ಲಿ ಪಾಯಿಂಟರ್ (ಮೆಮೊರಿಯ ವಿಳಾಸ ಹಿಡಿದ ವೇರಿಯಬಲ್) ಬಳಸಿದ ಕೂಡಲೇ ಪ್ರೋಗ್ರಾಮ್ ಬೀಳುತ್ತದೆ.

ಸ್ವಿಚ್ ಹೇಳಿಕೆಯ ಒಳಗೆ, ಮೊದಲ ಕೇಸ್‌ಗಿಂತ ಮೇಲೆ ಘೋಷಿಸಿದ ವೇರಿಯಬಲ್ ಈ ಆಯ್ಕೆಯ ಕೈಗೆ ಸಿಗುವುದಿಲ್ಲ. ಅದಕ್ಕೆಂದೇ ಪ್ರತ್ಯೇಕ ಎಚ್ಚರಿಕೆಯೊಂದಿದೆ. (ಅಲ್ಲಿ ಘೋಷಿಸುವ ರೂಢಿಯನ್ನೇ ಬಿಡುವುದು ಇನ್ನೂ ಒಳ್ಳೆಯದು.) ಲೂಪ್‌ನೊಳಗೆ ದೊಡ್ಡ ಬಫರ್ ಇದ್ದರೆ ಪ್ರತಿ ಸುತ್ತಿಗೂ ಅದನ್ನು ತೊಳೆಯುವ ಖರ್ಚು ಬೀಳುತ್ತದೆ, ಅಂಥ ಕಡೆ 'ಅನ್‌ಇನಿಷಿಯಲೈಸ್ಡ್' ಆಟ್ರಿಬ್ಯೂಟ್ ಹಾಕಿ ವಿನಾಯಿತಿ ಪಡೆಯಬಹುದು. ಲೂಪ್‌ನ ಹೊರಗೆ ಘೋಷಿಸಿದ್ದನ್ನು ಮಾತ್ರ ಸುತ್ತುಸುತ್ತಿಗೂ ನಾವೇ ಮರುಹೊಂದಿಸಬೇಕು.

ಮ್ಯಾಲಕ್ ಫಂಕ್ಷನ್ ಕೇಳಿದಾಗ ಕೊಡುವ ಹೀಪ್ ಮೆಮೊರಿ ಇದರ ವ್ಯಾಪ್ತಿಗೆ ಬರುವುದಿಲ್ಲ. ಪಾಸ್‌ವರ್ಡ್ ಬಳಸಿ ಮುಗಿದ ಮೇಲೆ ಅಳಿಸುವುದೂ ಇದರ ಕೆಲಸವಲ್ಲ. ಅಲ್ಲಿ ಮೆಮೊರಿ ತುಂಬುವ ಬರಿಯ ಮೆಮ್‌ಸೆಟ್ ಫಂಕ್ಷನ್ ಹಾಕಿದರೆ ಕಂಪೈಲರ್‌ನ ಆಪ್ಟಿಮೈಸರ್ ಅದನ್ನು ವ್ಯರ್ಥವೆಂದು ಕಿತ್ತುಹಾಕಬಹುದು, ಆದ್ದರಿಂದ ಲಿನಕ್ಸ್‌ನ ಸಿ ಲೈಬ್ರರಿ ಗ್ಲಿಬ್‌ಸಿಯ 2.25ನೇ ಆವೃತ್ತಿಯಿಂದ ದೊರೆಯುವ 'ಎಕ್ಸ್‌ಪ್ಲಿಸಿಟ್-ಬಿಝೀರೋ'ವನ್ನೇ ಬಳಸಬೇಕು.