ಆನ್‌ಲೈನ್ ಡೈವಿಂಗ್ ಸೇಫ್ಟಿ ಕಿಟ್: ಕೊಡಗಿನವರ ಬ್ಯಾಗಿಗೆ ಎಷ್ಟು ಸಾಕು?

ಕಿತ್ತಳೆ ಬಣ್ಣದ ಎಸ್‌ಎಂಬಿ (ಡೈವರ್ ಎಲ್ಲಿದ್ದಾನೆಂದು ನೀರ ಮೇಲೆ ತೋರಿಸುವ ಉದ್ದನೆಯ ಗಾಳಿಚೀಲ), ಅದಕ್ಕೆ ಕಟ್ಟುವ ದಾರದ ಸ್ಪೂಲ್, ಸೀಟಿ, ಕನ್ನಡಿ, ಕಾಲಿಗೆ ಕಟ್ಟುವ ಚಾಕು, ಟಾರ್ಚ್. ಈ ಆರನ್ನೂ ಒಂದೇ ಚೀಲಕ್ಕೆ ಹಾಕಿ ‘ಡೈವರ್ ಸೇಫ್ಟಿ ಕಿಟ್’ ಅಂತ ಹಲವು ಹೆಸರಿನಲ್ಲಿ ಮಾರುತ್ತಾರೆ. ಬ್ರ್ಯಾಂಡ್ ಬೇರೆಯಾದರೂ ಒಳಗಿನ ಸರಕು ಹೆಚ್ಚುಕಮ್ಮಿ ಒಂದೇ. ಮಡಿಕೇರಿ, ಕುಶಾಲನಗರದಿಂದ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಡೈವ್ ಮಾಡುವವರಿಗೆ ಇದು ಕೊಟ್ಟ ದುಡ್ಡಿಗೆ ತಕ್ಕದ್ದಾ? ಅರ್ಧ ಮಾತ್ರ. ಮೊದಲ ಸಲ ಇನ್‌ಸ್ಟ್ರಕ್ಟರ್ ಕೈ ಹಿಡಿದು 12 ಮೀಟರ್ ಒಳಗೇ ಇಳಿದು ಬರುವವರಾದರೆ ಏನನ್ನೂ ಕೊಳ್ಳಬೇಡಿ. ಮುಂದಿನದು ಸರ್ಟಿಫಿಕೇಟ್ ಇದ್ದು ಜೊತೆಗಾರನೊಂದಿಗೆ ಇಳಿಯುವವರಿಗೆ.

ಕಿಟ್‌ನ ಜೀವ ಇರುವುದು ಎಸ್‌ಎಂಬಿಯಲ್ಲಿ. ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ. ದೂರದ ತೆರೆದ ಸಮುದ್ರ. ಸೆಳೆತ ಇದ್ದ ದಿನ ದೋಣಿಯಿಂದ ನೂರಿನ್ನೂರು ಮೀಟರ್ ಆಚೆ ಮೇಲೆ ಬಂದರೆ, ಅಲೆಗಳ ನಡುವೆ ಡೈವರ್ ತಲೆ ತೇಲುವ ತೆಂಗಿನಕಾಯಿಯಷ್ಟೇ ಕಾಣುತ್ತದೆ. ನೆಟ್ಟಗೆ ನಿಂತ ಕಿತ್ತಳೆ ಬಣ್ಣದ ಗಾಳಿಚೀಲ ಮಾತ್ರ ದೋಣಿಯವನ ಕಣ್ಣಿಗೆ ಬೀಳುವುದು. ಇದರ ಉದ್ದ ಕನಿಷ್ಠ 1.2 ಮೀಟರ್ ಇರಲಿ, 1.8 ಇದ್ದರೆ ಇನ್ನೂ ಒಳ್ಳೆಯದು. ಅಗ್ಗದ ಕಿಟ್‌ಗಳಲ್ಲಿ ಹೆಚ್ಚಾಗಿ ಬರುವುದು ಬುಡ ತೆರೆದ ಚೀಲ. ದಾರ ಸ್ವಲ್ಪ ಸಡಿಲವಾದರೂ ಅದು ಮಗ್ಗುಲಾಗಿ ಬಿದ್ದು ಗಾಳಿಯನ್ನೆಲ್ಲ ಕಕ್ಕಿಬಿಡುತ್ತದೆ. ಬುಡ ಮುಚ್ಚಿದ, ಊದಲು ಒಂದು ಒನ್‌ವೇ ವಾಲ್ವ್, ಒತ್ತಡ ಹೆಚ್ಚಾದರೆ ತಾನೇ ಬಿಡುವ ಇನ್ನೊಂದು ವಾಲ್ವ್ ಇರುವುದನ್ನೇ ಆರಿಸಿ.

ಇನ್ನು ಲೆಕ್ಕ. 1.2 ಮೀಟರ್ ಉದ್ದ, ಚಪ್ಪಟೆಯಾಗಿ ಹಾಸಿದಾಗ 15 ಸೆಂ.ಮೀ. ಅಗಲ ಇರುವ ಚೀಲ ಸುಮಾರು 8 ಲೀಟರ್ ಗಾಳಿ ಹಿಡಿಯುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ 2 ಬಾರ್, ಅಂದರೆ ನೀರ ಮೇಲಿನದರ ಎರಡರಷ್ಟು, ಹಾಗಾಗಿ ಅಲ್ಲಿ ಅರ್ಧ ಊದಿದರೆ ಮೇಲೆ ಬರುವಷ್ಟರಲ್ಲಿ ಅದು ಪೂರ್ತಿ ತುಂಬಿಕೊಳ್ಳುತ್ತದೆ. 20 ಮೀಟರ್‌ನಲ್ಲಿ ಮೂರನೇ ಒಂದು ಭಾಗ ಸಾಕು. ತುಂಬಿದ ಚೀಲ 8 ಕೆ.ಜಿ.ಯಷ್ಟು ಬಲದಿಂದ ಮೇಲಕ್ಕೆ ಎಳೆಯುತ್ತದೆ. ಅನಾಹುತ ಆಗುವುದು ಇಲ್ಲೇ. ಸ್ಪೂಲನ್ನು ಜಾಕೆಟ್‌ಗೆ ಕ್ಲಿಪ್ ಮಾಡಿಕೊಂಡೇ ಚೀಲ ಮೇಲಕ್ಕೆ ಬಿಟ್ಟರೆ, ಅಥವಾ ದಾರ ಬೆರಳಿಗೋ ಗೇಜ್ ಪೈಪಿಗೋ ಸುತ್ತಿಕೊಂಡರೆ, ಚೀಲದ ಜೊತೆ ನೀವೂ ಮೇಲೇಳುತ್ತೀರಿ. ಗಾಬರಿಯಲ್ಲಿ ಉಸಿರು ಹಿಡಿದರಂತೂ ಶ್ವಾಸಕೋಶಕ್ಕೇ ಪೆಟ್ಟು. ಮೊದಲು ತಲೆಯ ಮೇಲೆ ದೋಣಿ ಇಲ್ಲವೆಂದು ನೋಡಿ. ಚೀಲ ಬಿಚ್ಚಿ, ಸ್ಪೂಲನ್ನು ಮೈಯಿಂದ ದೂರ ಹಿಡಿದು, ನಡುವಿನ ತೂತಿನ ಎರಡೂ ಬದಿಗೆ ಹೆಬ್ಬೆರಳು, ತೋರುಬೆರಳು ಮೆತ್ತಗೆ ತಾಗಿಸಿ ಉರುಳಲು ಬಿಡಿ. ಸಿಕ್ಕಿಹಾಕಿಕೊಂಡಿತೋ, ಸ್ಪೂಲ್ ಕೈಬಿಡಿ. ಹೋದರೆ ಹೋಗಲಿ, ಅದು ಬರೀ ದಾರ.

ಕಿಟ್‌ನ ಸ್ಪೂಲ್‌ನಲ್ಲಿ ಸಾಮಾನ್ಯವಾಗಿ 15 ಮೀಟರ್ ದಾರ. ಮೇಲೇಳುವಾಗ ಸ್ವಲ್ಪ ಹೊತ್ತು ನಿಲ್ಲುವ 5 ಮೀಟರ್‌ನ ಸೇಫ್ಟಿ ಸ್ಟಾಪ್‌ನಲ್ಲಿ ಬಿಡಲು ಅಷ್ಟು ಸಾಕು, ಅದಕ್ಕಿಂತ ಕೆಳಗಿನಿಂದ ಬಿಡುವ ಅಂದಾಜಿದ್ದರೆ 30 ಮೀಟರ್‌ನದ್ದು ತಗೊಳ್ಳಿ. ಮನೆ ಮುಂದೆ ಕಾಫಿ ಕಣ ಇದ್ದವರಿಗೆ ಅಭ್ಯಾಸಕ್ಕೆ ಬೇರೆ ಜಾಗ ಬೇಡ. ಈ ತುದಿಯಿಂದ ಆ ತುದಿಗೆ ದಾರ ಬಿಚ್ಚಿ, ಒಂದೇ ಕೈಯಲ್ಲಿ ಗಂಟಾಗದಂತೆ ಸುತ್ತಿ ನೋಡಿ. ಸಡಿಲವಾಗಿ ಸುತ್ತಿದ ಪದರದ ಕೆಳಗೆ ಮೇಲಿನ ಪದರ ಜಾರಿ ಕಚ್ಚಿಕೊಳ್ಳುವುದು ಆಗ ಕಣ್ಣಿಗೆ ಕಾಣುತ್ತದೆ. ನೀರಿನಲ್ಲಿ ಸ್ಪೂಲ್ ಗಕ್ಕನೆ ನಿಲ್ಲುವುದಕ್ಕೆ ಕಾರಣ ಇದೇ.

ಸೀಟಿ ಇರಲಿ, ಆದರೆ ಒಳಗೆ ಗುಂಡು ಇಲ್ಲದ್ದು ಬೇಕು. ಎಂಜಿನ್ ಓಡುತ್ತಿರುವ ದೋಣಿಗೆ ಅದೂ ಕೇಳಿಸದು, ಬಿಸಿಲಿದ್ದರೆ ಕನ್ನಡಿಯೇ ವಾಸಿ.

ಚಾಕು ಮಾತ್ರ ಬೇಡ. ಪೀಚೆಕತ್ತಿ ಸಿಕ್ಕಿಸಿಕೊಂಡ ಹಾಗೆ ಕಾಲಿಗೊಂದು ಕತ್ತಿ ಕಟ್ಟಿಕೊಂಡರೆ ಫೋಟೋಗೆ ಚೆನ್ನ. ನೀರೊಳಗೆ ನಿಜವಾಗಿ ಕತ್ತರಿಸಬೇಕಾಗುವುದು ಬಂಡೆಗೆ ಸಿಕ್ಕಿ ಉಳಿದ ಹಳೇ ಬಲೆ, ತಂಗೂಸಿ ದಾರ. ಕಾಲು ಬಲೆಗೆ ಸಿಕ್ಕಾಗ ಕಾಲಿನ ಚಾಕುವಿಗೆ ಕೈ ಎಟುಕುವುದಿಲ್ಲ, ಅದರ ಹಿಡಿಯೇ ಬಲೆಗೆ ಇನ್ನೊಂದು ಕೊಕ್ಕೆ. ಎದೆಯ ಪಟ್ಟಿಗೆ, ಎರಡು ಕೈಗೂ ಎಟುಕುವಂತೆ, ಬ್ಲೇಡ್ ಒಳಗೆ ಅಡಗಿರುವ ಚಿಕ್ಕ ಲೈನ್ ಕಟರ್ ಹಾಕಿಕೊಳ್ಳಿ. ಆಸ್ಪತ್ರೆಯಲ್ಲಿ ಬ್ಯಾಂಡೇಜ್ ಕತ್ತರಿಸುವ ಗಟ್ಟಿ ಕತ್ತರಿಯೂ ನಡೆಯುತ್ತದೆ, ತುಕ್ಕು ಹಿಡಿದಾಗ ಬದಲಾಯಿಸಿ. ಟಾರ್ಚ್ ಹಗಲು ಡೈವ್‌ಗೆ ಅನಿವಾರ್ಯವಲ್ಲ. ಕಿಟ್‌ನ ಟಾರ್ಚ್‌ನ ಓ-ರಿಂಗ್‌ಗೆ (ನೀರು ತಡೆಯುವ ರಬ್ಬರ್ ಬಳೆ) ಒಂದು ಕೂದಲು ಸಿಕ್ಕಿದರೂ ನೀರು ಒಳಗೆ.

ಕಿಟ್ ಮಾರುವ ಆನ್‌ಲೈನ್ ಪುಟಗಳಲ್ಲಿ ಪಕ್ಕದಲ್ಲೇ ಕಾಣುವ ಅರ್ಧ ಲೀಟರ್‌ನ ಮಿನಿ ಸಿಲಿಂಡರ್‌ಗೆ ಮರುಳಾಗಬೇಡಿ. 200 ಬಾರ್ ತುಂಬಿದರೆ ಅದರಲ್ಲಿರುವುದು 100 ಲೀಟರ್ ಗಾಳಿ. 18 ಮೀಟರ್‌ನಲ್ಲಿ ಗಾಬರಿಯಾದವನು ನಿಮಿಷಕ್ಕೆ 110 ಲೀಟರ್ ಎಳೆಯಬಹುದು. ಅಂದರೆ ಒಂದು ನಿಮಿಷವೂ ಬಾರದು. ಮಿತಿಯ ವೇಗ, ನಿಮಿಷಕ್ಕೆ 9 ಮೀಟರ್‌ನಂತೆ ಏರಲು ಬೇಕಾಗುವುದು ಎರಡು ನಿಮಿಷ. ಜೊತೆಗೆ ಕೊಡುವ ಕೈಪಂಪಿನಿಂದ ನಮ್ಮ ಮಳೆಗಾಲದ ಗಾಳಿ ತುಂಬಿದರೆ ಗಾಳಿಯ ಪಸೆಯೂ ಒಳಗೆ ಹೋಗಿ ನೀರಾಗಿ ಕೂರುತ್ತದೆ. ಬದಲಿ ಗಾಳಿ ಬೇಕೇ ಬೇಕೆಂದರೆ 3 ಲೀಟರ್ ಸಿಲಿಂಡರ್‌ನ 600 ಲೀಟರ್ ಲೆಕ್ಕಕ್ಕೆ ಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೀಲ ಮನೆಯಲ್ಲೇ ಕೂತಿರುತ್ತದೆ. ಉಪ್ಪು ತೊಳೆಯದೆ ಮಡಚಿಟ್ಟರೆ ವಾಲ್ವ್ ಅಂಟುತ್ತದೆ, ಒದ್ದೆ ಇದ್ದರೆ ಬೂಷ್ಟು. ಸಿಹಿನೀರಲ್ಲಿ ನೆನೆಸಿ, ಅರ್ಧ ಊದಿ ನೆರಳಲ್ಲಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಒಲೆ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಅಲ್ಲಿಟ್ಟರೆ ರಬ್ಬರ್ ಬಿರಿಯುತ್ತದೆ.

ಯಾವ ಕಿಟ್‌ನಲ್ಲೂ ಇಲ್ಲದ, ಕೊಡಗಿನವರಿಗೆ ಮಾತ್ರ ಬೇಕಾದ ಒಂದು ವಸ್ತು ಅಂದರೆ ರಾತ್ರಿ ತಂಗುವ ರೂಮು. ಮಂಗಳೂರಿನಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಸೇರುವ ಹೊತ್ತಿಗೆ ಬಿರಿಯುವ ಹಾಗೆ ಉಬ್ಬಿರುತ್ತದಲ್ಲ, ಡೈವ್ ಮಾಡಿದ ಮೈಯಲ್ಲಿ ಉಳಿದ ಸಾರಜನಕವೂ ಹಾಗೆಯೇ ಗುಳ್ಳೆಯಾಗಬಲ್ಲದು. ಡೈವ್ ನಂತರ 600 ಮೀಟರ್‌ಗಿಂತ ಮೇಲೆ ಹೋಗಲು ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ವಿಮಾನಯಾನದ ನಿಯಮವೇ ಅಳತೆಗೋಲು: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹೆಚ್ಚಾಗಿದ್ದರೆ 18 ಗಂಟೆ. ಮಡಿಕೇರಿ ಸುಮಾರು 1,170 ಮೀಟರ್, ಕುಶಾಲನಗರವೂ 800ರ ಮೇಲೆ. ಕೈಗೆ ಕಟ್ಟುವ ಡೈವ್ ಕಂಪ್ಯೂಟರ್‌ನಲ್ಲಿ ‘ಈಗ ವಿಮಾನ ಹತ್ತಬೇಡಿ’ ಎನ್ನುವ ಚಿಹ್ನೆ ಇರುವವರೆಗೆ ಅದನ್ನು ಘಾಟಿಯ ಚಿಹ್ನೆ ಅಂತಲೇ ಓದಿಕೊಳ್ಳಿ. ಇಂಥ ಗುಳ್ಳೆಯ ತೊಂದರೆಯಾದರೆ ಬೇಕಾಗುವ ಆಕ್ಸಿಜನ್ ಕಿಟ್ ದೋಣಿಯಲ್ಲಿ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಎರಡನೇ ಡೈವ್ ಮಧ್ಯಾಹ್ನ ಒಂದಕ್ಕೆ ಮುಗಿಯಿತೋ, ಮುರುಡೇಶ್ವರದಲ್ಲೋ ಸುಳ್ಯದಲ್ಲೋ ಮಲಗಿ, ಮಾರನೇ ಬೆಳಗ್ಗೆ ಏಳರ ಮೇಲೆ ಸಂಪಾಜೆ ಗೇಟ್ ದಾಟಿ.