ನೇಪಾಳಕ್ಕೆ ಹೋಗುವುದೋ, ಹಣ ಕಳುಹಿಸುವುದೋ?

ನೇಪಾಳದ ಬಡ ಹಳ್ಳಿಯೊಂದರಲ್ಲಿ ಎರಡು ವಾರ ಸೇವೆ ಮಾಡಬೇಕೋ, ಆ ಹಣವನ್ನು ಅಲ್ಲಿನ ಕ್ರೈಸ್ತ ಸಭೆಗೇ ಕಳುಹಿಸಬೇಕೋ ಎಂದು ಶಿವಮೊಗ್ಗದ ನಮ್ಮ ಚರ್ಚಿನ ಯುವಜನರು ಕೇಳಿದ್ದಾರೆ.

ಭಾರತೀಯರಿಗೆ ವೀಸಾ ಬೇಕಿಲ್ಲ. ಗೋರಖ್‌ಪುರದವರೆಗೆ ರೈಲು, ಅಲ್ಲಿಂದ ಸುನೌಲಿ ಗಡಿಗೆ ಬಸ್ಸು. ಆದರೂ ಹತ್ತು ಜನರ ಪ್ರಯಾಣದ ಮೊತ್ತ ಅಲ್ಲಿನ ಗಾರೆ ಕೆಲಸದವರಿಗೆ ಎಷ್ಟೋ ದಿನಗಳ ಕೂಲಿಯಾಗುತ್ತದೆ. ಗೋಡೆ ಕಟ್ಟುವುದೇ ಉದ್ದೇಶವಾದರೆ ಹಣ ಕಳುಹಿಸುವುದೇ ಮೇಲು. ತೀರ್ಥಹಳ್ಳಿಯ ಕಡೆ ಶ್ರಮದಾನ ಮಾಡಿದ ದಿನ, ಕರಣೆ ಹಿಡಿದು ಅಭ್ಯಾಸವಿಲ್ಲದ ನಾವು ಎಬ್ಬಿಸಿದ ಜಂಬಿಟ್ಟಿಗೆಯ ಸಾಲನ್ನು ಮೇಸ್ತ್ರಿ ಸಂಜೆ ಮೌನವಾಗಿ ಬಿಚ್ಚಿ ಮತ್ತೆ ಕಟ್ಟಿದ್ದನ್ನು ನಾನು ಮರೆತಿಲ್ಲ.

ತಂಡದಲ್ಲಿ ದಾದಿಯರೋ ದಂತವೈದ್ಯರೋ ಇದ್ದು, ಅಲ್ಲಿನವರೇ ಕರೆದು ಅನುಮತಿ ಪಡೆದಿದ್ದರೆ ಹೋಗುವುದು ಸಾರ್ಥಕ. ಆದರೆ ರಕ್ತದೊತ್ತಡದ ಮಾತ್ರೆಯನ್ನು ಮುಂದಿನ ತಿಂಗಳು ಕೊಡುವವರು ಯಾರೆಂಬುದು ಮೊದಲೇ ನಿರ್ಧಾರವಾಗಿರಬೇಕು.

2018ರಲ್ಲಿ ಜಾರಿಯಾದ ನೇಪಾಳದ ದಂಡಸಂಹಿತೆಯಲ್ಲಿ ಮತಾಂತರ ಮಾಡಿಸುವುದಕ್ಕೆ ಐದು ವರ್ಷದವರೆಗೆ ಸೆರೆವಾಸವಿದೆ. ಅಜಾಗರೂಕ ಮಾತಿನ ಫಲವನ್ನು, ನಾವು ಮರಳಿದ ಮೇಲೆ, ಅಲ್ಲಿನ ವಿಶ್ವಾಸಿಗಳೇ ಉಣ್ಣಬೇಕಾದೀತು.

ವರ್ಷವರ್ಷವೂ ಅದೇ ಹಳ್ಳಿಯ ಕೈಹಿಡಿಯುವ ಮನಸ್ಸಿದ್ದರೆ, ಈ ಬಾರಿ ಇಬ್ಬರು ಮಾತ್ರ ಹೋಗಿ, ಅವರ ಅಗತ್ಯಗಳನ್ನು ಕೇಳಿ ಬನ್ನಿ.